ನಾಯಿ-ಬೆಕ್ಕು ಆರಾಮಿದ್ದಾಗಲೇ ದವಾಖಾನೆಗೆ: ಕಲಬುರಗಿ ಸೀಮೆಯವರಿಗೊಂದು ಮಾರ್ಗದರ್ಶಿ

ಕಲಬುರಗಿ ಸೀಮೆಯಲ್ಲಿ ಪಶು ಆಸ್ಪತ್ರೆಗೆ ಈಗಲೂ ‘ದನದ ದವಾಖಾನೆ’ ಅಂತಲೇ ಹೆಸರು. ಬೆಳಿಗ್ಗೆ ಹೋದರೆ ಎಮ್ಮೆ, ಹೋರಿಕರು, ಆಡುಗಳ ನಡುವೆ ಒಂದೆರಡು ನಾಯಿಗಳೂ ಕಾಣುತ್ತವೆ. ಅವುಗಳಲ್ಲಿ ಹೆಚ್ಚಿನವು ನಡೆದು ಬಂದಿರುವುದಿಲ್ಲ. ಚಾದರದಲ್ಲಿ ಸುತ್ತಿ ಆಟೋದಲ್ಲಿ ತಂದಿರುತ್ತಾರೆ. “ಸಾಹೇಬ್ರೇ, ಮೂರ್ ದಿನ ಆಯ್ತ್ರಿ, ಏನೂ ಉಣವಲ್ದು” ಅನ್ನುವುದು ಮೊದಲ ಮಾತು. ಡಾಕ್ಟರ್ ತಿರುಗಿ ಕೇಳುತ್ತಾರೆ: ಮೊದಲು ತೂಕ ಎಷ್ಟಿತ್ತು? ಲಸಿಕೆ ಯಾವಾಗ ಹಾಕಿಸಿದ್ರಿ? ಜಂತುಹುಳದ ಗುಳಿಗೆ ಕೊಟ್ಟು ಎಷ್ಟು ದಿನ ಆಯ್ತು? ಮಾಲೀಕರು ಮನೆಗೆ ಫೋನ್ ಹಚ್ಚುತ್ತಾರೆ. ಮನೆಯಲ್ಲೂ ಯಾರಿಗೂ ನೆನಪಿರುವುದಿಲ್ಲ.

ಕಾಯಿಲೆ ಬಿದ್ದಾಗ ಮಾತ್ರ ದವಾಖಾನೆ ಅನ್ನುವ ಲೆಕ್ಕ ನಾಯಿ-ಬೆಕ್ಕಿನ ವಿಷಯದಲ್ಲಿ ದುಬಾರಿ ಬೀಳುತ್ತದೆ. ಇವೆರಡೂ ನೋವು ತೋರಿಸದ ಪ್ರಾಣಿಗಳು. ಬೆಕ್ಕಂತೂ ಊಟ ಬಿಟ್ಟು ಮಂಚದ ಕೆಳಗೆ ಸೇರಿಕೊಂಡಿತು ಅಂದರೆ ರೋಗ ಶುರುವಾಗಿ ವಾರಗಳೇ ಆಗಿರಬಹುದು. ವಯಸ್ಸಾದ ಬೆಕ್ಕುಗಳಿಗೆ ಜಾಸ್ತಿ ಬರುವ ಮೂತ್ರಪಿಂಡದ ಕಾಯಿಲೆಯನ್ನೇ ತಗೊಳ್ಳಿ. ಮೂತ್ರಪಿಂಡ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನುವ ಕಸ ರಕ್ತ ಪರೀಕ್ಷೆಯಲ್ಲಿ ಏರಿದ್ದು ಕಾಣುವ ಹೊತ್ತಿಗೆ ಮೂತ್ರಪಿಂಡದ ಸುಮಾರು ಮುಕ್ಕಾಲು ಪಾಲು ಕೆಲಸ ನಿಂತಿರುತ್ತದೆ. ಅದಕ್ಕೂ ಮೊದಲು ಸುಳಿವು ಕೊಡುವುದು ಮೆಲ್ಲಗೆ ಇಳಿಯುವ ತೂಕ, ತೆಳ್ಳಗಾಗುತ್ತಾ ಹೋಗುವ ಮೂತ್ರ. ತೂಕ ಇಳಿದಿದೆ ಅಂತ ಹೇಳಬೇಕಾದರೆ ಮೊದಲಿನ ತೂಕ ಎಲ್ಲಾದರೂ ಬರೆದಿರಬೇಕು, ಅಲ್ವಾ? ಆರಾಮಿದ್ದಾಗ ದವಾಖಾನೆಗೆ ಹೋಗಬೇಕು ಅನ್ನುವುದು ಮುಖ್ಯವಾಗಿ ಇದಕ್ಕೇ. ನಿಮ್ಮ ಪ್ರಾಣಿ ಚೆನ್ನಾಗಿದ್ದಾಗ ಹೇಗಿರುತ್ತದೆ ಅನ್ನುವುದು ಡಾಕ್ಟರಿಗೂ ನಿಮಗೂ ಗೊತ್ತಿರಬೇಕು.

ಮೊದಲು ಒಂದು ನೋಟ್‌ಬುಕ್

ಶುರು ಮಾಡುವುದು ಮನೆಯಿಂದ. ಒಂದು ಸಾದಾ ನೋಟ್‌ಬುಕ್ ಸಾಕು. ಲಸಿಕೆ ಪುಸ್ತಕ ಬೇರೆ, ಇದು ಬೇರೆ. ಇದರಲ್ಲಿ ತಿಂಗಳಿಗೊಮ್ಮೆ ತಾರೀಕು ಹಾಕಿ ತೂಕ ಬರೆಯಿರಿ. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಲ್ಲಿ, ಕಳೆಯಿರಿ. 30 ಕೆ.ಜಿ. ಲ್ಯಾಬ್ರಡಾರ್ ಎತ್ತುವುದು ಎಲ್ಲರಿಂದ ಆಗುವ ಕೆಲಸವಲ್ಲ. ಹತ್ತಿರದ ದಾಲ್ ಮಿಲ್ಲಿನಲ್ಲೋ ಕಿರಾಣಿ ಗೋದಾಮಿನಲ್ಲೋ ಚೀಲ ತೂಗುವ ಕಾಟಾ ಇದ್ದರೆ ಕೇಳಿ ನೋಡಿ. ತೊಗರಿಯ ಸೀಮೆಯಲ್ಲಿ ಕಾಟಾಕ್ಕೇನು ಬರ?

ಬೆಕ್ಕಿಗೆ ಮಾತ್ರ ಗ್ರಾಂ ಲೆಕ್ಕ ತೋರಿಸುವ ಕಾಟಾ ಬೇಕು. 4 ಕೆ.ಜಿ. ಬೆಕ್ಕು 3.4ಕ್ಕೆ ಇಳಿದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಕೂದಲು ಎಲ್ಲ ಮುಚ್ಚಿಬಿಡುತ್ತದೆ. ಆದರೆ ಅದು ನೂರಕ್ಕೆ 15ರಷ್ಟು ಇಳಿಕೆ. 60 ಕೆ.ಜಿ. ಮನುಷ್ಯ 9 ಕೆ.ಜಿ. ಇಳಿದರೆ ಮನೆಯವರು ಸುಮ್ನೆ ಇರ್ತಾರಾ?

ತೂಕದ ಜೊತೆಗೆ ಇನ್ನೊಂದಿಷ್ಟು ಬರೆದಿಡಿ. ಹೆಣ್ಣುನಾಯಿ ಬೆದೆಗೆ ಬಂದ ದಿನ, ವಾಂತಿ-ಭೇದಿ ಆದ ದಿನ, ಯಾವ ಗುಳಿಗೆ ಎಷ್ಟು ಕೊಟ್ಟಿರಿ, ಊಟ ಬದಲಿಸಿದ್ದು ಯಾವಾಗ. ಅಕ್ಷರ ಚೆಂದ ಇರಬೇಕಾಗಿಲ್ಲ, ತಾರೀಕು ಇರಬೇಕು.

ತೂಕ ನೋಡಿದ ದಿನವೇ ಮೈ ಮೇಲೆ ಕೈಯಾಡಿಸಿ

ಹತ್ತು ನಿಮಿಷದ ಕೆಲಸ. ಬಾಯಿಂದ ಶುರು ಮಾಡಿ ಬಾಲದವರೆಗೆ ಹೋಗಿ. ಪ್ರತಿ ಸಲ ಅದೇ ಕ್ರಮದಲ್ಲಿ ಹೋದರೆ ಏನೂ ತಪ್ಪುವುದಿಲ್ಲ.

ಮೇಲ್ದುಟಿ ಎತ್ತಿ ವಸಡು ನೋಡಿ. ತಿಳಿ ಗುಲಾಬಿ ಇರಬೇಕು. ಕೆಲವು ನಾಯಿಗಳ ವಸಡಿನಲ್ಲಿ ಹುಟ್ಟಿನಿಂದಲೇ ಕಪ್ಪು ಮಚ್ಚೆ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಗುಲಾಬಿ ಇರುವ ಜಾಗದಲ್ಲಿ ಬೆರಳಿನಿಂದ ಒತ್ತಿ ಬಿಡಿ. ಒತ್ತಿದ ಜಾಗ ಬೆಳ್ಳಗಾಗಿ ಎರಡು ಸೆಕೆಂಡಿನೊಳಗೆ ಮತ್ತೆ ಬಣ್ಣ ತುಂಬಿಕೊಳ್ಳಬೇಕು. ವಸಡು ಒತ್ತದೆಯೇ ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿರಬಹುದು. ಹಳದಿ ತಿರುಗಿದ್ದರೆ ಕಾಮಾಲೆ. ಎರಡಕ್ಕೂ ಅವತ್ತೇ ದವಾಖಾನೆ. ಹಾಗೇ ಹಲ್ಲಿನ ಬುಡವನ್ನೂ ನೋಡಿ. ಕಂದು ಬಣ್ಣದ ಗಟ್ಟಿ ಪದರ ಕಟ್ಟಿದ್ದರೆ, ಬಾಯಿ ನಾರುತ್ತಿದ್ದರೆ ನೋಟ್‌ಬುಕ್ಕಿನಲ್ಲಿ ಬರೆಯಿರಿ. ‘ನಾಯಿ ಬಾಯಿ ನಾರೋದೇ’ ಅಂತ ಬಿಟ್ಟುಬಿಡುವವರು ಜಾಸ್ತಿ. ಅದು ವಸಡಿನ ರೋಗದ ವಾಸನೆ.

ಕಿವಿ ಮಡಚಿ ಮೂಸಿ ನೋಡಿ. ಕೇಳೋದಕ್ಕೆ ಒಂಥರಾ ಅನಿಸಬಹುದು, ಆದರೆ ಕಿವಿ ಸೋಂಕು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. ದವಡೆ ಕೆಳಗೆ, ಭುಜದ ಮುಂದೆ, ಹಿಂಗಾಲಿನ ಮೊಣಕಾಲ ಹಿಂದೆ ಗಂಟು ಸಿಗುತ್ತದಾ ನೋಡಿ. ಪಕ್ಕೆಲುಬಿನ ಮೇಲೆ ಅಂಗೈ ಸವರಿ. ಎಲುಬು ಕಣ್ಣಿಗೆ ಕಾಣಬಾರದು, ಕೈಗೆ ಸಿಗಬೇಕು. ಕೈಗೂ ಸಿಗದಿದ್ದರೆ ಬೊಜ್ಜು ಬಂದಿದೆ ಅಂತಲೇ ಅರ್ಥ. ಹೆಣ್ಣುನಾಯಿಗೆ ಮೊಲೆಯ ಸಾಲಿನಲ್ಲಿ ಗಂಟು ಇದೆಯಾ ನೋಡಿ. ಕಾಲ್ಬೆರಳ ಸಂದು, ಬಾಲದ ಬುಡ, ಬಾಲದ ಕೆಳಗೆ, ಅಲ್ಲಿಗೆ ಮುಗಿಯಿತು.

ಅದು ಮಲಗಿ ನಿದ್ದೆ ಹೋದಾಗ ಒಂದು ನಿಮಿಷ ಉಸಿರು ಎಣಿಸಿ. ಎದೆ ಏರಿ ಇಳಿದರೆ ಒಂದು. 30ರ ಒಳಗಿರಬೇಕು. ದಿನಾ ಅದಕ್ಕಿಂತ ಜಾಸ್ತಿ ಬರುತ್ತಿದ್ದರೆ ಹೃದಯ, ಶ್ವಾಸಕೋಶ ತೋರಿಸಬೇಕು. ಜ್ವರದ ವಿಷಯದಲ್ಲಿ ಒಂದು ಮಾತು. ನಾಯಿಯ ಮೈ ನಮ್ಮ ಮೈಗಿಂತ ಬಿಸಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದರ ಸಹಜ ಉಷ್ಣತೆ, ಬೆಕ್ಕಿನದೂ ಹೆಚ್ಚುಕಡಿಮೆ ಅಷ್ಟೇ. ಮುಟ್ಟಿ ನೋಡಿ ‘ಜ್ವರ ಬಂದದ’ ಅನ್ನುವುದನ್ನು ಬಿಡಿ. ಮೂಗು ಒದ್ದೆ ಇದೆಯಾ ಒಣಗಿದೆಯಾ ಅನ್ನುವುದರಿಂದಲೂ ಏನೂ ತಿಳಿಯುವುದಿಲ್ಲ.

ಎಷ್ಟು ದಿನಕ್ಕೊಮ್ಮೆ ಹೋಗಬೇಕು?

ಮರಿ ಇದ್ದಾಗ ಆರರಿಂದ ಎಂಟನೇ ವಾರಕ್ಕೆ ಮೊದಲ ಭೇಟಿ. ಆಮೇಲೆ 16 ವಾರ ತುಂಬುವವರೆಗೆ ಮೂರು-ನಾಲ್ಕು ವಾರಕ್ಕೊಮ್ಮೆ. ದೊಡ್ಡದಾದ ಮೇಲೆ ವರ್ಷಕ್ಕೊಮ್ಮೆ. ನಾಯಿಗೆ ಏಳು ವರ್ಷ, ಬೆಕ್ಕಿಗೆ ಹತ್ತು ವರ್ಷ ದಾಟಿದ ಮೇಲೆ ಆರು ತಿಂಗಳಿಗೊಮ್ಮೆ. ಗ್ರೇಟ್ ಡೇನ್‌ನಂಥ ದೊಡ್ಡ ತಳಿಗಳಿಗೆ ಮುಪ್ಪು ಬೇಗ ಬರುತ್ತದೆ, ಅವಕ್ಕೆ ಐದಾರು ವರ್ಷಕ್ಕೇ ಶುರು ಮಾಡಿ.

ನಮ್ಮ ಕಡೆ ತಿಂಗಳು ಆರಿಸಿಕೊಳ್ಳುವುದೂ ಮುಖ್ಯ. ನನ್ನ ಪ್ರಕಾರ ವಾರ್ಷಿಕ ತಪಾಸಣೆಗೆ ನವೆಂಬರಿನಿಂದ ಫೆಬ್ರವರಿಯೇ ಸರಿ. ಏಪ್ರಿಲ್-ಮೇ ತಿಂಗಳ 42 ಡಿಗ್ರಿ ಬಿಸಿಲಲ್ಲಿ ಆರಾಮಿದ್ದ ನಾಯಿಯನ್ನು ಆಟೋದಲ್ಲಿ ಕೂರಿಸಿ ಸುತ್ತಾಡಿಸುವುದು ಬುದ್ಧಿವಂತಿಕೆಯಲ್ಲ. ಆರು ತಿಂಗಳಿಗೊಮ್ಮೆ ಹೋಗುವವರು ಎರಡನೆಯ ಭೇಟಿಯನ್ನು ಮಳೆಗಾಲ ಹಿಡಿದ ಮೇಲೆ ಇಟ್ಟುಕೊಳ್ಳಬಹುದು.

ಎಲ್ಲಿಗೆ, ಯಾವ ಹೊತ್ತಿಗೆ

ಸರ್ಕಾರಿ ಪಶು ಆಸ್ಪತ್ರೆ ತಾಲ್ಲೂಕಿಗೊಂದು ಇದ್ದೇ ಇರುತ್ತದೆ. ಕಲಬುರಗಿಯಂಥ ಊರಲ್ಲಿ ನಾಯಿ-ಬೆಕ್ಕನ್ನೇ ನೋಡುವ ಖಾಸಗಿ ಕ್ಲಿನಿಕ್‌ಗಳೂ ಇವೆ. ಬೀದರ್‌ನವರ ಅದೃಷ್ಟ ದೊಡ್ಡದು. 2004ರ ಕಾಯ್ದೆಯಿಂದ ಹುಟ್ಟಿದ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದೇ ಅಲ್ಲಿಯ ನಂದಿನಗರದಲ್ಲಿ. ಕಾಲೇಜಿನ ಆಸ್ಪತ್ರೆಯಲ್ಲಿ ಔಷಧ, ಶಸ್ತ್ರಚಿಕಿತ್ಸೆ, ಗರ್ಭಕೋಶದ ತೊಂದರೆ ಹೀಗೆ ವಿಭಾಗವಾರು ತಜ್ಞರು ಇರುತ್ತಾರೆ. ವಿದ್ಯಾರ್ಥಿಗಳು ಸುತ್ತ ನಿಂತು ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ, ಸ್ವಲ್ಪ ಹೊತ್ತು ಹಿಡಿಯುತ್ತದೆ. ಅದರಿಂದ ನಿಮಗೆ ನಷ್ಟವೇನಿಲ್ಲ. ನಾಲ್ಕು ಜನ ನೋಡಿದರೆ ಒಬ್ಬರ ಕಣ್ಣಿಗೆ ತಪ್ಪಿದ್ದು ಇನ್ನೊಬ್ಬರಿಗೆ ಬೀಳುತ್ತದೆ. ಕಲಬುರಗಿ, ಯಾದಗಿರಿಯವರು ಪ್ರತಿ ಸಲ ಅಲ್ಲಿಗೆ ಹೋಗಬೇಕಿಲ್ಲ. ನಿಮ್ಮ ಊರಿನ ಡಾಕ್ಟರ್ ‘ಇದನ್ನ ಬೀದರ್‌ಗೆ ತೋರಿಸಿ’ ಅಂದರೆ ಮಾತ್ರ ತಡ ಮಾಡಬೇಡಿ. ಚೀಟಿ ಬರೆಸಿಕೊಂಡು, ನೋಟ್‌ಬುಕ್ ತಗೊಂಡು ಹೋಗಿ.

ಸರ್ಕಾರಿ ಆಸ್ಪತ್ರೆಗೆ ಹೋಗುವ ಮುಂಚೆ ಹೊತ್ತು ವಿಚಾರಿಸಿ. ಬೇಸಿಗೆಯಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳ ಕೆಲಸದ ಅವಧಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಾಗುತ್ತದೆ. ಡಾಕ್ಟರ್ ಹಳ್ಳಿಗೆ ದನ ನೋಡಲು ಹೋಗಿರುವುದೂ ಉಂಟು. ಹೆರಿಗೆಯಲ್ಲಿ ಸಿಕ್ಕಿಬಿದ್ದ ಎಮ್ಮೆ ಮೊದಲು, ನಿಮ್ಮ ನಾಯಿಯ ತಪಾಸಣೆ ಆಮೇಲೆ. ಅದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದೇನಿಲ್ಲ. ಪ್ರಾಣಿ ಎದ್ದು ಬರುವ ಸ್ಥಿತಿಯಲ್ಲೇ ಇಲ್ಲದಿದ್ದರೆ ಪಶು ಸಂಜೀವಿನಿ ಅನ್ನುವ ಸರ್ಕಾರಿ ಸಂಚಾರಿ ಪಶು ಚಿಕಿತ್ಸಾ ಗಾಡಿಯ ಸಹಾಯವಾಣಿ 1962ಕ್ಕೆ ಕರೆ ಮಾಡಿ ಕೇಳಬಹುದು. ಅದು ಮುಖ್ಯವಾಗಿ ದನಕರುಗಳಿಗಾಗಿ ಇರುವ ಸೇವೆ ಅನ್ನುವುದು ನೆನಪಿರಲಿ.

ಕರೆದುಕೊಂಡು ಹೋಗುವ ಬಗೆ

ನಾಯಿಗೆ ಕೊರಳಪಟ್ಟಿ, ಗಟ್ಟಿ ಹಗ್ಗ, ಬಾಯಿಗೆ ಕಟ್ಟುವ ಪಟ್ಟಿ. ಎಂಥ ಸಾಧು ನಾಯಿಯಾದರೂ ಎಮ್ಮೆಗಳ ನಡುವೆ ನಿಂತಾಗ ಅದರ ಬುದ್ಧಿ ಹೇಗೆ ತಿರುಗುತ್ತದೋ ಹೇಳಲಾಗದು.

ಬೆಕ್ಕಿನದೇ ನಿಜವಾದ ಕಷ್ಟ. ಕೈಯಲ್ಲಿ ಎತ್ತಿಕೊಂಡು ಬೈಕಿನ ಹಿಂದೆ ಕೂತು ಹೋಗುವವರನ್ನು ನೋಡಿದ್ದೇನೆ. ಒಂದು ಲಾರಿ ಹಾರ್ನ್ ಹೊಡೆದರೆ ಸಾಕು, ಬೆಕ್ಕು ಕೈಗೆ ಸಿಗುವುದಿಲ್ಲ. ಮುಚ್ಚಳ ಇರುವ ಪ್ಲಾಸ್ಟಿಕ್ ಬುಟ್ಟಿ ಸಾಕು, ಗಾಳಿಯಾಡುವ ತೂತು ಇರಬೇಕು. ಹೋಗುವ ದಿನ ಬುಟ್ಟಿ ತೆಗೆದರೆ ಬೆಕ್ಕು ಅಟ್ಟ ಹತ್ತುತ್ತದೆ. ಅದಕ್ಕೇ ಒಂದು ವಾರ ಮುಂಚೆಯೇ ಬುಟ್ಟಿಯನ್ನು ಬಾಯಿ ತೆರೆದು ಪಡಸಾಲೆಯಲ್ಲಿಡಿ. ಒಳಗೆ ಅದು ಮಲಗುವ ಹಳೆ ಬಟ್ಟೆ ಹಾಕಿ, ದಿನಾ ಒಂದು ತುಣುಕು ಮೀನೋ ಮಾಂಸವೋ ಒಳಗೇ ಇಡಿ. ಮೂರ್ನಾಲ್ಕು ದಿನಕ್ಕೆ ತಾನೇ ಹೋಗಿ ಕೂರುತ್ತದೆ. ಹೋಗುವಾಗ ಬುಟ್ಟಿಯ ಮೇಲೆ ತೆಳು ಬಟ್ಟೆ ಹೊದಿಸಿ. ದವಾಖಾನೆಯಲ್ಲಿ ಬುಟ್ಟಿಯನ್ನು ನೆಲಕ್ಕಿಡಬೇಡಿ, ತೊಡೆ ಮೇಲಿಟ್ಟುಕೊಳ್ಳಿ. ನಾಯಿಗಳ ಮೂತಿ ಎದುರಿಗೆ ಇದ್ದರೆ ಅದರ ಎದೆಬಡಿತ ಎಷ್ಟು ಅಂತ ಡಾಕ್ಟರಿಗೂ ಗೊತ್ತಾಗುವುದಿಲ್ಲ.

ಅವತ್ತು ಬೆಳಗಿನ ಮಲವನ್ನು ಕಡಲೆಕಾಳಿನಷ್ಟು ಒಂದು ಸ್ವಚ್ಛ ಡಬ್ಬಿಯಲ್ಲಿ ತಗೊಂಡು ಹೋಗಿ. ಜಂತುಹುಳದ ಮೊಟ್ಟೆ ಇದೆಯಾ ಅಂತ ನೋಡಲು ಅಷ್ಟು ಸಾಕು. ವಿಚಿತ್ರವಾಗಿ ಕೆಮ್ಮುವುದು, ಕುಂಟುವುದು, ನಡುಗುವುದು ಇದ್ದರೆ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಮನೆಯಲ್ಲಿ ಕುಂಟುವ ನಾಯಿ ದವಾಖಾನೆ ಬಾಗಿಲಲ್ಲಿ ಓಡುತ್ತದೆ.

ಡಾಕ್ಟರ್ ಎದುರಿಗೆ

ಒಳ್ಳೆ ತಪಾಸಣೆ ಅಂದರೆ ಬರೀ ಇಂಜೆಕ್ಷನ್ ಚುಚ್ಚಿ ಕಳಿಸುವುದಲ್ಲ. ತೂಕ, ಉಷ್ಣತೆ, ಕಣ್ಣು, ಬಾಯಿ, ಕಿವಿ, ಗಂಟುಗಳು, ಎದೆಗೆ ಸ್ಟೆತಾಸ್ಕೋಪ್, ಹೊಟ್ಟೆ ಹಿಸುಕಿ ನೋಡುವುದು, ಚರ್ಮ. ಗದ್ದಲದಲ್ಲಿ ಇದರಲ್ಲಿ ಒಂದೆರಡು ಬಿಟ್ಟುಹೋದರೆ ಕೇಳಲು ಸಂಕೋಚ ಬೇಡ. “ಸಾಹೇಬ್ರೇ, ಹಲ್ಲೊಂದು ನೋಡ್ರಿ” ಅಂದರೆ ಯಾರೂ ಬೈಯುವುದಿಲ್ಲ. ಮೊದಲ ಭೇಟಿಯಲ್ಲೇ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಬಿಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ರಕ್ತಕಣ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ), ಮೂತ್ರಪಿಂಡ, ಯಕೃತ್ತು. ವಯಸ್ಸಾದವಕ್ಕೆ ಮೂತ್ರವನ್ನೂ ಸೇರಿಸಿ. ಆ ಚೀಟಿಯನ್ನು ನೋಟ್‌ಬುಕ್ಕಿಗೆ ಅಂಟಿಸಿ.

ಊಟದ ಬಗ್ಗೆ ನಿಜ ಹೇಳಿ. ನಮ್ಮಲ್ಲಿ ನಾಯಿಗೆ ಜೋಳದ ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ ಹಾಕುವುದು ರೂಢಿ. ದೊಡ್ಡ ನಾಯಿ ಅದರ ಮೇಲೆ ಬದುಕುತ್ತದೆ, ಆದರೆ ಪ್ರೋಟೀನ್ ಸಾಲುವುದಿಲ್ಲ. ಬೆಕ್ಕಿನ ಕತೆ ಬೇರೆ. ಅದಕ್ಕೆ ಟಾರಿನ್ ಅನ್ನುವ ಅಂಶ ಬೇಕೇ ಬೇಕು. ಅದು ಸಿಗುವುದು ಮಾಂಸ-ಮೀನಿನಲ್ಲಿ, ರೊಟ್ಟಿ-ಹಾಲಿನಿಂದ ಸಾಲುವಷ್ಟು ಬರುವುದಿಲ್ಲ. ತಿಂಗಳುಗಟ್ಟಲೆ ಸಿಗದಿದ್ದರೆ ಬೆಕ್ಕಿನ ಕಣ್ಣು, ಹೃದಯ ಎರಡೂ ಹಾಳಾಗುತ್ತವೆ. ಸಸ್ಯಾಹಾರಿ ಮನೆಯವರು ಬೆಕ್ಕು ಸಾಕುವುದಾದರೆ ಅಂಗಡಿಯ ಬೆಕ್ಕಿನ ಆಹಾರವನ್ನೇ ತರಬೇಕಾಗುತ್ತದೆ. ಇಲಿ ಹಿಡಿದು ತಿನ್ನುತ್ತದೆ ಬಿಡಿ ಅನ್ನುವುದು ಲೆಕ್ಕವಲ್ಲ. ಇನ್ನು ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿದ ಸಾರು ನಾಯಿ-ಬೆಕ್ಕು ಎರಡಕ್ಕೂ ಬೇಡ, ಅವು ಕೆಂಪು ರಕ್ತಕಣ ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ.

ಉಣ್ಣಿ: ನಮ್ಮ ಸೀಮೆಯ ದೊಡ್ಡ ತಲೆನೋವು

ಡಾಕ್ಟರ್ ಕೋಣೆಯಲ್ಲಿ ಈ ಮಾತುಕತೆ ಬಹಳ ಸಲ ಕೇಳಿಬರುತ್ತದೆ.

“ಉಣ್ಣಿ ಅವೇನ್ರಿ?”

“ಒಂದೂ ಇಲ್ರಿ ಸಾಹೇಬ್ರೇ. ವಾರಕ್ಕೊಮ್ಮೆ ಸಾಬೂನ್ ಹಚ್ಚಿ ಮೈ ತೊಳಿತೀವ್ರಿ.”

ಡಾಕ್ಟರ್ ಕಿವಿ ಮಡಚುತ್ತಾರೆ. ಒಳಗಿನ ಮಡಿಕೆಯಲ್ಲಿ ಹರಳು ಬೀಜದಂತೆ ಉಬ್ಬಿದ ಒಂದು ಬೂದು ಉಣ್ಣಿ, ಅದರ ಪಕ್ಕ ಎಳ್ಳಿನಷ್ಟೇ ಇರುವ ನಾಲ್ಕೈದು ಮರಿ ಉಣ್ಣಿ. ಮಾಲೀಕರು ಸುಳ್ಳು ಹೇಳಿರುವುದಿಲ್ಲ. ಅವರು ನೋಡಿದ್ದು ಬೆನ್ನು.

ಕಂದು ಉಣ್ಣಿ ನಾಯಿಯ ಮೈ ಮೇಲೆ ಇರುವುದು ರಕ್ತ ಕುಡಿಯುವ ಕೆಲವು ದಿನ ಮಾತ್ರ. ಹೊಟ್ಟೆ ತುಂಬಿದ ಮೇಲೆ ಉದುರಿ ಗೋಡೆ ಸಂದಿ ಸೇರುತ್ತದೆ. ಹೆಣ್ಣು ಉಣ್ಣಿ ಅಲ್ಲೇ ಸಾವಿರಾರು ಮೊಟ್ಟೆ ಇಡುತ್ತದೆ. ನಮ್ಮ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಪರಸಿ (ಚಪ್ಪಡಿ ಕಲ್ಲು) ಹಾಸಿರುತ್ತೇವೆ. ಎರಡು ಪರಸಿ ನಡುವಿನ ಸಿಮೆಂಟ್ ಕಿತ್ತುಹೋದ ಸಂದು, ಹಳೆ ಕಲ್ಲುಗೋಡೆಯ ಬಿರುಕು, ನಾಯಿ ಮಲಗುವ ಮೂಲೆಯ ಗೋಣಿಚೀಲ, ಇವೇ ಅದರ ಮನೆ. ರಾತ್ರಿ ಟಾರ್ಚ್ ಹಿಡಿದು ಆ ಗೋಡೆಯ ಬುಡ ನೋಡಿ, ಮೇಲಕ್ಕೆ ಹತ್ತುತ್ತಿರುತ್ತವೆ. ಮರಿ ಉಣ್ಣಿಗಳು ತಿಂಗಳುಗಟ್ಟಲೆ ಉಪವಾಸ ಇದ್ದು ಕಾಯಬಲ್ಲವು. ಹಾಗಾಗಿ ನಾಯಿ ಮೈಗೆ ಔಷಧ ಹಾಕಿ ಮನೆಯ ಸಂದು ಬಿಟ್ಟರೆ ಕೆಲಸ ಅರ್ಧವೂ ಆಗಿರುವುದಿಲ್ಲ. ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿ. ಹಾಸಿಗೆ ಬಟ್ಟೆಯನ್ನು ಕುದಿಯುವ ನೀರಲ್ಲಿ ಹಾಕಿ. ಗೋಣಿಚೀಲ ಸುಟ್ಟುಬಿಡಿ.

ಇದಕ್ಕೆ ಇಷ್ಟು ಜಾಗ ಕೊಟ್ಟಿದ್ದಕ್ಕೆ ಕಾರಣ ಇದೆ. ಈ ಉಣ್ಣಿ ಎರ್ಲಿಕಿಯಾ, ಬೆಬೇಸಿಯಾ ಅನ್ನುವ ರೋಗಾಣುಗಳನ್ನು ಹೊತ್ತು ತರುತ್ತದೆ. ಜನ ಕರೆಯುವುದು ಉಣ್ಣಿ ಜ್ವರ ಅಂತ. ಎರ್ಲಿಕಿಯಾದ ಕುಯುಕ್ತಿ ಕೇಳಿ. ಸೋಂಕು ತಗುಲಿ ಒಂದರಿಂದ ಮೂರು ವಾರಕ್ಕೆ ಜ್ವರ ಬರುತ್ತದೆ, ಎರಡು ದಿನ ಊಟ ಬಿಡುತ್ತದೆ, ಆಮೇಲೆ ತಾನೇ ಸರಿಹೋಗುತ್ತದೆ. ಮನೆಯವರು ಮರೆತುಬಿಡುತ್ತಾರೆ. ನಾಯಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಂಡು-ಆಡಿಕೊಂಡು ಇರುತ್ತದೆ. ಆದರೆ ಒಳಗೆ ಪ್ಲೇಟ್‌ಲೆಟ್ ಕಡಿಮೆಯೇ ಇರುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಮೂಗಿನಿಂದ ರಕ್ತ ಇಳಿಯುತ್ತದೆ. ಆಗ ರಕ್ತ ತಯಾರಿಸುವ ಎಲುಬಿನ ಮಜ್ಜೆಯೇ ಸೋತಿದ್ದರೆ ಉಳಿಸಿಕೊಳ್ಳುವುದು ಕಷ್ಟ. ನಡುವಿನ ಆ ಸುಮ್ಮನಿರುವ ಕಾಲದಲ್ಲಿ ಅದನ್ನು ಹಿಡಿಯಲು ಇರುವ ದಾರಿ ರಕ್ತ ಪರೀಕ್ಷೆ. ಆರಾಮಿರುವ ನಾಯಿಗೆ ವರ್ಷಕ್ಕೊಮ್ಮೆ ಪ್ಲೇಟ್‌ಲೆಟ್ ಎಣಿಸಿ ಅನ್ನುವುದು ಇದಕ್ಕೇ.

ಉಣ್ಣಿ ತೆಗೆಯುವಾಗ ಚಿಮಟದಿಂದ ಚರ್ಮಕ್ಕೆ ಹತ್ತಿಸಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೀಡಿ ಬೆಂಕಿ ಬೇಡ. ಬೆರಳಲ್ಲಿ ಒಡೆಯಬೇಡಿ, ಸ್ಪಿರಿಟ್ ಇರುವ ಡಬ್ಬಿಗೆ ಹಾಕಿ.

ಔಷಧದ ವಿಷಯದಲ್ಲಿ ಹಳ್ಳಿ ಕಡೆಯ ಒಂದು ರೂಢಿ ನನಗೆ ದಿಗಿಲು ಹುಟ್ಟಿಸುತ್ತದೆ. ಎಮ್ಮೆಗೆ ತಂದ ಉಣ್ಣಿ ಔಷಧವನ್ನೇ ಬಕೆಟ್ಟಿಗೆ ಒಂದಿಷ್ಟು ಸುರಿದು ನಾಯಿಗೂ ಮೈ ತೊಳೆಯುತ್ತಾರೆ. ಅಳತೆ ತಪ್ಪಿದರೆ ನಾಯಿ ನೆಕ್ಕಿಕೊಂಡು ನಡುಗುತ್ತದೆ. ಅದೇ ನೀರು ಬೆಕ್ಕಿಗೆ ಬಿದ್ದರೆ ಜೀವಕ್ಕೇ ಸಂಚಕಾರ. ಡೆಲ್ಟಾಮೆಥ್ರಿನ್, ಪರ್ಮೆಥ್ರಿನ್ ಜಾತಿಯ ಔಷಧಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ. ನಾಯಿಯ ಕೊರಳಿಗೆ ಹನಿಸುವ ಔಷಧವನ್ನೂ ಬೆಕ್ಕಿಗೆ ಹಾಕಬೇಡಿ. ಈಗ ನಾಯಿಗೆ ಬಾಯಿಂದ ಕೊಡುವ ಗುಳಿಗೆಗಳಿವೆ, ಕೆಲವು ಒಂದು ತಿಂಗಳು, ಕೆಲವು ಮೂರು ತಿಂಗಳು ಕೆಲಸ ಮಾಡುತ್ತವೆ. ನಾಯಿಗೆ ಹಿಂದೆ ಯಾವಾಗಾದರೂ ಫಿಟ್ಸ್ ಬಂದಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಲಸಿಕೆ ಮತ್ತು ಬರ್ಫು

ಮರಿಗೆ ಮೂರು ಸಲ ಯಾಕೆ, ಒಂದೇ ಸಲ ಹಾಕಿದರೆ ಆಗಲ್ವಾ ಅಂತ ಕೇಳುತ್ತಾರೆ. ತಾಯಿ ಹಾಲಿನಿಂದ ಬಂದ ರಕ್ಷಣೆ ಇರುವವರೆಗೆ ಲಸಿಕೆ ನಾಟುವುದಿಲ್ಲ. ಅದು ಯಾವ ವಾರ ಇಳಿಯುತ್ತದೆ ಅನ್ನುವುದು ಮರಿಯಿಂದ ಮರಿಗೆ ಬೇರೆ. ಹಾಗಾಗಿ 16 ವಾರ ದಾಟುವವರೆಗೆ ಬಿಡದೆ ಹಾಕಬೇಕು. ಒಂದು ಸಲ ಹಾಕಿ ಬಿಟ್ಟ ಮರಿಗಳೇ ಪಾರ್ವೋ ಅನ್ನುವ ವೈರಸ್ ರೋಗಕ್ಕೆ ಸಿಕ್ಕಿ ರಕ್ತಭೇದಿಯಾಗಿ ಬರುವುದು. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ನಾಯಿಗೂ ಬೆಕ್ಕಿಗೂ. ಆಮೇಲೆ ವರ್ಷ ವರ್ಷ. ಇಲಿ ಮೂತ್ರದಿಂದ ಹರಡುವ ಲೆಪ್ಟೋಸ್ಪೈರೋಸಿಸ್ ಲಸಿಕೆಯ ಬಲವೂ ವರ್ಷಕ್ಕೆ ಮುಗಿಯುತ್ತದೆ. ಭೀಮಾ ದಂಡೆಯ ಊರುಗಳವರು, ಮನೆಯಲ್ಲಿ ಕಾಳಿನ ಚೀಲ ಒಟ್ಟುವವರು ಇದನ್ನು ತಪ್ಪಿಸಬಾರದು.

ಕೆಲವು ಕಡೆ ಲಸಿಕೆಯನ್ನು ಮೆಡಿಕಲ್ ಅಂಗಡಿಯಿಂದ ತರಲು ಚೀಟಿ ಕೊಡುತ್ತಾರೆ. ಇಲ್ಲಿ ಎಚ್ಚರ ಬೇಕು. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ಅಂಗಿ ಜೇಬಲ್ಲಿಟ್ಟುಕೊಂಡು ಮೇ ತಿಂಗಳ ಬಿಸಿಲಲ್ಲಿ ಸ್ಟೇಷನ್ ರೋಡಿನಿಂದ ಹೊರಟರೆ ದವಾಖಾನೆ ತಲುಪುವ ಹೊತ್ತಿಗೆ ಅದರ ಬಲ ಕುಗ್ಗಿರಬಹುದು. ಥರ್ಮಾಸಿನಲ್ಲಿ ಬರ್ಫು ಹಾಕಿಕೊಂಡು ಹೋಗಿ. ಶೀಶೆಯನ್ನು ಬರ್ಫಿಗೆ ನೇರ ತಾಗಿಸಬೇಡಿ, ಕಾಗದ ಸುತ್ತಿ. ಹೆಪ್ಪುಗಟ್ಟಿದರೂ ರೇಬಿಸ್ ಲಸಿಕೆ ಕೆಡುತ್ತದೆ. ಹಾಕಿದ ಮೇಲೆ ಶೀಶೆಯ ಚೀಟಿಯನ್ನು ಪುಸ್ತಕಕ್ಕೆ ಅಂಟಿಸಿ, ಸಹಿ ಹಾಕಿಸಿಕೊಳ್ಳಿ.

ದುಡ್ಡಿನ ತೊಂದರೆ ಇದ್ದರೆ ಜುಲೈ 6ರ ಪ್ರಾಣಿಜನ್ಯ ರೋಗಗಳ ದಿನ, ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸು ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಉಚಿತ ರೇಬಿಸ್ ಲಸಿಕೆ ಶಿಬಿರ ಇಡುವುದುಂಟು. ಇನ್ನೊಂದು ಮಾತು. ಸಾಕಿದ ನಾಯಿಯೇ ಕಚ್ಚಿದರೂ, ಬೆಕ್ಕು ಪರಚಿ ರಕ್ತ ಬಂದರೂ ಸಾಬೂನು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಮನುಷ್ಯರ ಡಾಕ್ಟರಿಗೆ ತೋರಿಸಿ. ಸುಣ್ಣ, ಖಾರದಪುಡಿ ಹಚ್ಚಬೇಡಿ.

ಆಪರೇಷನ್ ವಿಚಾರ

ಮರಿ ಬೇಡ ಅಂದರೆ ಸಂತಾನಹರಣ ಆಪರೇಷನ್ ಮಾಡಿಸಿ, ಯಾವ ವಯಸ್ಸಿಗೆ ಅನ್ನುವುದನ್ನು ತಪಾಸಣೆಗೆ ಹೋದಾಗಲೇ ಕೇಳಿಕೊಳ್ಳಿ. ಮಾಡಿಸದ ಹೆಣ್ಣುನಾಯಿಗೆ ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ಗರ್ಭಕೋಶದಲ್ಲಿ ಕೀವು ತುಂಬುವುದುಂಟು. ವಿಪರೀತ ನೀರು ಕುಡಿಯುತ್ತದೆ, ಊಟ ಬಿಡುತ್ತದೆ, ಬಾಲದ ಕೆಳಗೆ ಕೀವು ಕಾಣಬಹುದು, ಕಾಣದೆಯೂ ಇರಬಹುದು. ನೋಟ್‌ಬುಕ್ಕಿನಲ್ಲಿ ಬೆದೆಯ ತಾರೀಕು ಬರೆಯಿರಿ ಅಂದಿದ್ದು ಇದಕ್ಕೆ. ಓಣಿ ಸುತ್ತುವ ನಾಯಿಗಳಿಗೆ ಜನನಾಂಗದಲ್ಲಿ ಹೂಕೋಸಿನಂಥ ಗಡ್ಡೆ ಬೆಳೆದು ರಕ್ತ ಒಸರುತ್ತದೆ. ಕೂಡುವಾಗ ಒಂದರಿಂದ ಒಂದಕ್ಕೆ ಹರಡುವ ಕ್ಯಾನ್ಸರ್ ಅದು. ನಾಚಿಕೆಯಿಂದ ಮುಚ್ಚಿಡಬೇಡಿ. ಬೇಗ ತೋರಿಸಿದರೆ ವಾರಕ್ಕೊಂದು ಇಂಜೆಕ್ಷನ್ನಿನಲ್ಲೇ ಹೆಚ್ಚಿನವಕ್ಕೆ ವಾಸಿಯಾಗುತ್ತದೆ.

ತಪಾಸಣೆಯ ತಾರೀಕಿಗೆ ಕಾಯಬಾರದ ಹೊತ್ತು

ಗಂಡುಬೆಕ್ಕು ಮೂತ್ರಕ್ಕೆ ಕೂತು ಕೂತು ಏಳುತ್ತಿದೆ, ಒಂದು ಹನಿಯೂ ಬರುತ್ತಿಲ್ಲ. ಅದು ಮಲಬದ್ಧತೆ ಅಂದುಕೊಂಡು ಒಂದು ದಿನ ಕಳೆದರೆ ಬೆಕ್ಕು ಉಳಿಯುವುದು ಅನುಮಾನ. ದೊಡ್ಡ ನಾಯಿಯ ಹೊಟ್ಟೆ ಉಬ್ಬಿ, ವಾಂತಿಗೆ ಯತ್ನಿಸಿದರೂ ಏನೂ ಬರದಿರುವುದು. ಇಲಿ ಪಾಷಾಣ ತಿಂದ ಅನುಮಾನ, ಇದಕ್ಕೆ ಹೋಗುವಾಗ ಪಾಷಾಣದ ಪೊಟ್ಟಣವನ್ನೂ ಒಯ್ಯಿರಿ. ಮರಿಗೆ ರಕ್ತಭೇದಿ. ಇವಕ್ಕೆಲ್ಲ ರಾತ್ರಿಯಾದರೂ ಡಾಕ್ಟರಿಗೆ ಫೋನ್ ಹಚ್ಚಿ.

ಬೇಸಿಗೆಯಲ್ಲಿ ನಾಯಿ ನಾಲಿಗೆ ಚಾಚಿ ಏದುಸಿರು ಬಿಡುತ್ತಾ ತೂರಾಡಿದರೆ, ಉಷ್ಣತೆ 105 ದಾಟಿದ್ದರೆ, ಅದು ಬಿಸಿಲ ಹೊಡೆತ. ಮೊದಲು ಮೈಯೆಲ್ಲ ನೀರಲ್ಲಿ ತೋಯಿಸಿ ಫ್ಯಾನ್ ಗಾಳಿ ಹಿಡಿಯಿರಿ, ಆಮೇಲೆ ಹೊರಡಿ. ಬಾಯಿಗೆ ಒತ್ತಾಯದಿಂದ ನೀರು ಹೊಯ್ಯಬೇಡಿ. ಪಗ್‌ನಂಥ ಚಪ್ಪಟೆ ಮೂಗಿನವಕ್ಕೆ ಇದು ಬೇಗ ಬರುತ್ತದೆ. ಹಿಮದ ನಾಡಿನ ಹಸ್ಕಿಯನ್ನು ಕಲಬುರಗಿಗೆ ತಂದು ಸಾಕುವುದು ನನಗಂತೂ ಸರಿ ಕಾಣುವುದಿಲ್ಲ.

ಮನೆಯ ಗುಳಿಗೆ ಡಬ್ಬಿಗೂ ಕೈ ಹಾಕಬೇಡಿ. ಮಕ್ಕಳಿಗೆ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಗುಳಿಗೆ ಸಾಕು ಕೊಲ್ಲಲು. ಐಬುಪ್ರೊಫೆನ್ ನಾಯಿಗೂ ಬೇಡ.

ವಾಪಸ್ ಬಂದ ಮೇಲೆ

ಮುಂದಿನ ತಾರೀಕನ್ನು ಮೊಬೈಲಿಗೂ ಗೋಡೆಯ ಕ್ಯಾಲೆಂಡರಿಗೂ ಹಾಕಿ. ಜಂತುಹುಳದ ಗುಳಿಗೆ ದೊಡ್ಡ ನಾಯಿ-ಬೆಕ್ಕಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ, ಅಳತೆ ಅವತ್ತಿನ ತೂಕದ ಮೇಲೆ. ಹೋದ ವರ್ಷದ ಚೀಟಿ ತೋರಿಸಿ ಅದೇ ಗುಳಿಗೆ ತರಬೇಡಿ.

ಉಣ್ಣಿ ಜ್ವರ ಸಿಕ್ಕಿತು ಅಂದರೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಬರೆಯುತ್ತಾರೆ, 28 ದಿನ. ಮೂರನೇ ದಿನಕ್ಕೆ ನಾಯಿ ಎದ್ದು ಓಡಾಡುತ್ತದೆ, ಬಹಳ ಮನೆಗಳಲ್ಲಿ ಗುಳಿಗೆ ಅಲ್ಲಿಗೇ ನಿಲ್ಲುತ್ತದೆ. ನಿಲ್ಲಿಸಬೇಡಿ. ಈ ಗುಳಿಗೆಯನ್ನು ಹಾಲಲ್ಲೋ ಮೊಸರಲ್ಲೋ ಕೊಡಬೇಡಿ, ಅದರಲ್ಲಿರುವ ಕ್ಯಾಲ್ಸಿಯಂ ಔಷಧವನ್ನು ಮೈಗೆ ಹತ್ತಗೊಡುವುದಿಲ್ಲ. ಮೆತ್ತಗೆ ಬೇಯಿಸಿದ ಕೋಳಿ ತುಣುಕಿನಲ್ಲೋ ರೊಟ್ಟಿಯ ತುತ್ತಿನಲ್ಲೋ ಅಡಗಿಸಿ ಕೊಡಿ, ಖಾಲಿ ಹೊಟ್ಟೆಗೆ ಬೇಡ. ಬೆಕ್ಕಿಗೆ ಇದೇ ಔಷಧ ಕೊಟ್ಟಿದ್ದರೆ ಗುಳಿಗೆ ನುಂಗಿಸಿದ ಕೂಡಲೇ ಸಿರಿಂಜಿನಿಂದ ಒಂದು ಚಮಚ ನೀರು ಕುಡಿಸಿ. ಇಲ್ಲದಿದ್ದರೆ ಗುಳಿಗೆ ಅನ್ನನಾಳದಲ್ಲೇ ಅಂಟಿಕೊಂಡು ಸುಟ್ಟು ಹುಣ್ಣು ಮಾಡುತ್ತದೆ. ಕೋರ್ಸ್ ಮುಗಿದ ಮೇಲೆ ಇನ್ನೊಮ್ಮೆ ರಕ್ತ ಕೊಟ್ಟು ಪ್ಲೇಟ್‌ಲೆಟ್ ಎಷ್ಟಾಗಿದೆ ನೋಡಿ, ಆ ಸಂಖ್ಯೆಯನ್ನೂ ತಾರೀಕು ಹಾಕಿ ನೋಟ್‌ಬುಕ್ಕಿಗೆ ಬರೆಯಿರಿ.